ಸರತಿ ಖಾಲಿ ಮಾಡುವ ಆಜ್ಞೆ

ಆಪರೇಟರಿಗೆ ಒಂದು ಸಂದೇಶವನ್ನು ತೆಗೆಯುವ ಅಧಿಕಾರ ಇರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಅಳಿಸುವ ಅಧಿಕಾರ ಇತ್ತು.

ಹಾಗೆ ಇರಲಿ ಎಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಗುತ್ತಿಗೆಯ ಮೇಲೆ ಬಂದವರು ಕೋರ್ಟಿನ ಆದೇಶಗಳನ್ನು ಓದಬಾರದು ಎಂದು ಕೇಂದ್ರ ಕಚೇರಿಯವರು ವರ್ಷದ ಹಿಂದೆ ನಿಯಮ ಮಾಡಿ, ಓದಲು ಬರುವ ಆಜ್ಞೆಗಳನ್ನೆಲ್ಲ ಅವಳ ಲಾಗಿನ್‌ನಿಂದ ಕಿತ್ತುಹಾಕಿದ್ದರು. ಅಳಿಸುವುದು ಓದುವುದಲ್ಲವಲ್ಲ, ಅದನ್ನು ಬಿಟ್ಟಿದ್ದರು.

ಅವಳ ಕೋಣೆ ಜೈಲಿನ ಹೊರಗೋಡೆಗೂ ಒಳಗೋಡೆಗೂ ನಡುವೆ ಇತ್ತು. ಮೊದಲು ಕಂಬಳಿಗಳ ಉಗ್ರಾಣವಾಗಿದ್ದ ಜಾಗ. ಎರಡು ಸಲ ಸುಣ್ಣ ಬಳಿದರೂ ಉಣ್ಣೆಯ ಮುಗ್ಗಲು ವಾಸನೆ ಹೋಗಿರಲಿಲ್ಲ. ಮೇಜಿನ ಕೆಳಗೆ ಟೈಪ್ ಮಾಡಿದ ಆಜ್ಞೆಗಷ್ಟೇ ಓಗೊಡುವ ಹಳೆಯ ಯುನಿಕ್ಸ್ ಕಂಪ್ಯೂಟರ್ ಯಂತ್ರ, ಮೇಲೆ ಕಪ್ಪು ಪರದೆ, ಪಕ್ಕದಲ್ಲಿ ಪ್ರಿಂಟರ್. ಜಿಲ್ಲೆಯ ಎಲ್ಲ ಕೋರ್ಟುಗಳ ಆದೇಶಗಳು ತಂತಿಯಲ್ಲಿ ಬಂದು ಆ ಯಂತ್ರದೊಳಗಿನ ಒಂದು ಸರತಿಯಲ್ಲಿ ನಿಲ್ಲುತ್ತಿದ್ದವು. ಒಂದು ಪ್ರೋಗ್ರಾಂ ಅವನ್ನು ಒಂದೊಂದಾಗಿ ಎತ್ತಿ ರಿಜಿಸ್ಟರಿಗೆ ಏರಿಸಿ ಪ್ರಿಂಟ್ ಮಾಡುತ್ತಿತ್ತು. ಇವನನ್ನು ಬಿಡಿ, ಅವನನ್ನು ಸೋಮವಾರ ಕರೆತನ್ನಿ, ಇನ್ನೊಬ್ಬನ ತಾರೀಖು ಮುಂದೆ ಹೋಗಿದೆ. ಕಾಗದ ಬಂದರೆ ಬಾಗಿಲು ತೆರೆಯುತ್ತಿತ್ತು. ಬರದಿದ್ದರೆ ಇಲ್ಲ. ಸರತಿ ನಿಲ್ಲದಂತೆ ನೋಡಿಕೊಳ್ಳುವುದು ಅವಳ ಕೆಲಸ.

ಅವಳಿಗಿಂತ ಮುಂಚೆ ಅಲ್ಲಿದ್ದವನನ್ನು ಎಲ್ಲರೂ ಕನ್ನಡಕ ಎನ್ನುತ್ತಿದ್ದರು. ಹೋಗುವಾಗ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಹೋಗಿದ್ದ. ಅದರಲ್ಲಿ ಆರು ಆಜ್ಞೆಗಳು, ಪ್ರತಿಯೊಂದರ ಎದುರಿಗೆ ಅವನ ಒಕ್ಕಣೆ. ಸರತಿಯಲ್ಲಿ ಎಷ್ಟಿವೆ ಎಂದು ಎಣಿಸುವುದು ಮೊದಲನೆಯದು: ‘ಬಂದ ಕೂಡಲೇ, ಟೀಗೆ ಮೊದಲು.’ ಪ್ರೋಗ್ರಾಂ ಬದುಕಿದೆಯೇ ಎಂದು ಕೇಳುವುದು ಎರಡನೆಯದು: ‘ಸೊನ್ನೆ ಅಂದರೆ ಸತ್ತಿದೆ.’ ಅದನ್ನು ಎಬ್ಬಿಸುವುದು ಮೂರನೆಯದು: ‘ಎರಡು ಸಲ ಎಬ್ಬಿಸು. ಮೂರನೆಯ ಸಲ ಕಾರಣ ಹುಡುಕು.’ ಕಾರಣ ಹುಡುಕಲು ನಾಲ್ಕು ಮತ್ತು ಐದು. ಸರತಿಯ ತಲೆಯಲ್ಲಿ ಇರುವುದನ್ನು ಇಣುಕಿ ನೋಡುವುದು, ಕೆಟ್ಟದ್ದಾಗಿದ್ದರೆ ಅದೊಂದನ್ನೇ, ಆಮೇಲೆ ಓದಿ ನೋಡಲು ಬರುವಂತೆ, ಪಕ್ಕಕ್ಕೆ ಸರಿಸುವುದು. ಈಗ ಅವೆರಡಕ್ಕೂ ‘ಅನುಮತಿ ಇಲ್ಲ’ ಎಂದೇ ಉತ್ತರ ಬರುತ್ತಿತ್ತು. ಕೊನೆಯ ಸಾಲು ಪರ್ಜ್. ಅದರ ಎದುರು, ‘ಪೂರ್ತಿ ಖಾಲಿ. ಭಯ ಬೇಡ, ಸಂಜೆ ಮತ್ತೆ ಬರ್ತಾವೆ.’

ಬರುತ್ತಲೂ ಇದ್ದವು. ಆದೇಶ ಪ್ರಿಂಟ್ ಆಯಿತು ಎಂಬ ರಸೀದಿ ಸಿಗುವವರೆಗೆ ಕೋರ್ಟಿನ ಯಂತ್ರ ಅದರ ಪ್ರತಿಯನ್ನು ಇಟ್ಟುಕೊಂಡಿದ್ದು, ಸಂಜೆ ಐದಕ್ಕೆ ರಸೀದಿ ಇಲ್ಲದವನ್ನೆಲ್ಲ ಮತ್ತೊಮ್ಮೆ ಕಳಿಸುತ್ತಿತ್ತು. ಎರಡು ವರ್ಷದಲ್ಲಿ ಅವಳು ಹನ್ನೊಂದು ಸಲ ಪರ್ಜ್ ಒತ್ತಿದ್ದಳು. ಹನ್ನೊಂದು ಸಲವೂ ಎಲ್ಲ ವಾಪಸು ಬಂದಿದ್ದವು. ಆ ಕೋಣೆಯಲ್ಲೂ ಕೋರ್ಟಿನ ಕಡೆಯೂ ಅದನ್ನು ಅಳಿಸುವುದು ಎನ್ನುತ್ತಿರಲಿಲ್ಲ, ಕಸ ಹೊಡೆಯುವುದು ಎನ್ನುತ್ತಿದ್ದರು.

ಆ ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಎಣಿಸಿದಾಗ ಇನ್ನೂರ ತೊಂಬತ್ತಿತ್ತು. ಹಿಂದಿನ ದಿನ ನಾಲ್ಕು ಗಂಟೆಯಿಂದ ಒಂದೂ ಪ್ರಿಂಟ್ ಆಗಿರಲಿಲ್ಲ. ಎರಡನೆಯ ಆಜ್ಞೆಗೆ ಸೊನ್ನೆ ಬಂತು. ಎಬ್ಬಿಸಿದಳು, ಒಂದಾಯಿತು, ನಾಲ್ಕು ಸೆಕೆಂಡಿಗೆ ಮತ್ತೆ ಸೊನ್ನೆ. ಇನ್ನೊಮ್ಮೆ ಎಬ್ಬಿಸಿದಳು, ಅದೇ ಕತೆ. ತಲೆಯಲ್ಲಿ ಒಂದು ಕೆಟ್ಟ ಸಂದೇಶ ಕೂತಿದೆ ಎಂದು ಅವಳಿಗೆ ಗೊತ್ತಾಯಿತು. ಪ್ರೋಗ್ರಾಂ ಅದನ್ನು ಎತ್ತುತ್ತದೆ, ಓದಲಾಗದೆ ಸಾಯುತ್ತದೆ, ಸಂದೇಶ ಮತ್ತೆ ತಲೆಗೇ ಬಂದು ಕೂರುತ್ತದೆ. ಅದರ ಹಿಂದೆ ಉಳಿದವೆಲ್ಲ ನಿಂತಿವೆ.

ಕೇಂದ್ರ ಕಚೇರಿಗೆ ಫೋನ್ ಮಾಡಿದಳು.

“ಒಂದೇ ಒಂದು ಮೆಸೇಜ್ ಸರಿಸ್ಬೇಕು ಸರ್. ನಂಗೆ ಪರ್ಮಿಷನ್ ಇಲ್ಲ. ನೀವು ಅಲ್ಲಿಂದ ಸರಿಸ್ತೀರಾ?”

“ದೂರಿನ ಟಿಕೆಟ್ ಹಾಕಿದೀರಾ?”

“ಹಾಕಿದೀನಿ.”

“ಹಾಗಾದ್ರೆ ಅದೂ ಒಂದು ಕ್ಯೂನಲ್ಲಿದೆ. ನಾಳೆ ಸಂಜೆ ಒಳಗೆ ಯಾರಾದ್ರೂ ನೋಡ್ತಾರೆ.”

ಸರತಿ ನಿಂತ ಸುದ್ದಿ ಸಾಹೇಬರ ಮೇಜಿನ ಮೇಲಿನ ಪರದೆಯಲ್ಲೂ ಕೆಂಪು ಚೌಕವಾಗಿ ಕಾಣುತ್ತಿತ್ತು. ಜೈಲಿನ ಮುಖ್ಯಸ್ಥರಾದ ಸಾಹೇಬರಿಗೆ ಯುನಿಕ್ಸ್ ಬರುತ್ತಿರಲಿಲ್ಲ, ಬಣ್ಣ ಬರುತ್ತಿತ್ತು. ಹನ್ನೊಂದಕ್ಕೆ ಬಾಗಿಲಲ್ಲಿ ಬಂದು ನಿಂತರು.

“ಏನಮ್ಮಾ, ಬೆಳಿಗ್ಗೆಯಿಂದ ಕುಂಕುಮ ಇಟ್ಕೊಂಡು ಕೂತಿದೆ ನಿನ್ನ ಯಂತ್ರ. ಎರಡು ಗಂಟೆಗೆ ಇನ್‌ಸ್ಪೆಕ್ಷನ್ ಇದೆ, ಗೊತ್ತು ತಾನೆ?”

“ಸರಿ ಮಾಡ್ತೀನಿ ಸರ್.”

“ತಿಂಗಳ ಕೊನೆಗೆ ನಿನ್ನ ಕಾಂಟ್ರಾಕ್ಟ್ ಕಾಗದ ನನ್ನ ಹತ್ರಾನೇ ಬರುತ್ತೆ. ಅವತ್ತು ನಾನು ಹಸಿರು ಪೆನ್ ಹುಡುಕ್ಬೇಕೋ, ಕೆಂಪೋ?” ತಮ್ಮ ಮಾತಿಗೆ ತಾವೇ ನಕ್ಕು ಹೋದರು.

ಅವಳು ಹನ್ನೊಂದೂ ಇಪ್ಪತ್ತಕ್ಕೆ ಪರ್ಜ್ ಟೈಪ್ ಮಾಡಿದಳು. ‘ಖಚಿತವೇ’ ಎಂದು ಅದು ಕೇಳಲಿಲ್ಲ. ಯುನಿಕ್ಸ್ ಹಾಗೆಲ್ಲ ಕೇಳುವುದಿಲ್ಲ. ಒಂದು ಸಾಲು ಬಂತು. ಅಳಿಸಿದ ಸಂದೇಶಗಳು: ಮುನ್ನೂರ ಹದಿನೆಂಟು. ಪ್ರೋಗ್ರಾಂ ಎಬ್ಬಿಸಿದಳು, ಈ ಸಲ ಸಾಯಲಿಲ್ಲ. ಚೌಕ ಹಸಿರಾಯಿತು. ಅವಳು ಟೀ ತರಿಸಿಕೊಂಡಳು.

ಸಂಜೆ ಐದಕ್ಕೆ ಏನೂ ಬರಲಿಲ್ಲ. ಐದೂವರೆಗೆ ಹೊಸದಾಗಿ ನಾಲ್ಕು ಬಂದು ಪ್ರಿಂಟ್ ಆದವು, ಅಷ್ಟೇ. ಆರರವರೆಗೆ ಕೂತಿದ್ದು, ಮೊದಲನೆಯ ಆಜ್ಞೆಯನ್ನು ಮತ್ತೆ ಮತ್ತೆ ಒತ್ತಿದಳು. ಸೊನ್ನೆ, ಸೊನ್ನೆ, ಸೊನ್ನೆ. ಎರಡು ವರ್ಷ ಆ ಸೊನ್ನೆಯನ್ನು ನೋಡಿ ಸಮಾಧಾನಪಟ್ಟವಳು ಅವತ್ತು ಕೋರ್ಟಿನ ತಂತಿಯನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಳು.

ಗುರುವಾರ ಬೆಳಿಗ್ಗೆ ಕೋರ್ಟಿನ ಕಂಪ್ಯೂಟರ್ ವಿಭಾಗದ ಗುಮಾಸ್ತನಿಗೆ ಫೋನ್ ಮಾಡಿದಳು.

“ನಿನ್ನೆ ಮತ್ತೆ ಕಳಿಸೋದು ಮರೆತಿರಾ?”

“ಮತ್ತೆ ಯಾಕೆ ಕಳಿಸ್ಬೇಕು? ಎಲ್ಲಾದಕ್ಕೂ ತಲುಪಿದೆ ಅಂತಿದೆ ಇಲ್ಲಿ.”

“ಪ್ರಿಂಟ್ ಆಗಿಲ್ವಲ್ಲ. ರಸೀದಿ ಹೇಗೆ ಬಂತು?”

“ಅದು ಹಳೇ ಕಾಲ. ಮೂರು ವಾರ ಆಯ್ತು ಹೊಸ ಸಾಫ್ಟ್‌ವೇರ್ ಬಂದು. ನಿಮ್ಮ ಸರತಿ ಮುಟ್ಟಿದ್ರೆ ಸಾಕು, ರಸೀದಿ ಬರುತ್ತೆ, ನಮ್ಮ ಪ್ರತಿ ಹೋಗುತ್ತೆ. ಸುತ್ತೋಲೆ ಕಳಿಸಿದ್ವಲ್ಲ. ಓದೋ ಅಭ್ಯಾಸ ಇಲ್ವಾ ನಿಮ್ಮಲ್ಲಿ?”

“ಪ್ರತಿ ಹೋದ್ರೂ ಯಾವ್ಯಾವುದು ಕಳಿಸಿದ್ರಿ ಅಂತ ಪಟ್ಟಿ ಇರುತ್ತಲ್ಲ.”

“ಇರುತ್ತೆ. ನಿಮ್ಮ ಸಾಹೇಬರು ‘ಸಿಕ್ಕಿಲ್ಲ’ ಅಂತ ಪತ್ರ ಕೊಡ್ಲಿ, ಸಹಿ, ಮುದ್ರೆ ಹಾಕಿ. ಒಂದೊಂದಾಗಿ ಕೋರ್ಟ್‌ಗಳಿಂದ ಮತ್ತೆ ತೆಗೆಸಿ ಕಳಿಸ್ತೀನಿ.”

ಸುತ್ತೋಲೆ ಸಾಹೇಬರ ಟ್ರೇಯಲ್ಲೇ ಇತ್ತು. ‘ಓದಿದೆ’ ಎಂದು ಬರೆದು ಅವರು ಸಹಿಯನ್ನೂ ಹಾಕಿದ್ದರು.

ಅವಳು ಹೇಳಿದ್ದನ್ನು ಸಾಹೇಬರು ಪೂರ್ತಿ ಕೇಳಿದರು. ಎರಡು ಸಲ ಕೇಳಿದರು. ನಂತರ ಎದ್ದು ಬಾಗಿಲು ಹಾಕಿದರು.

“ಪತ್ರ ಕೊಟ್ರೆ ಏನರ್ಥ? ಮುನ್ನೂರು ಕೋರ್ಟ್ ಆದೇಶ ನಾವು ಕಳೆದುಹಾಕಿದ್ವಿ ಅಂತ ನಾವೇ ಬರ್ಕೊಟ್ಟ ಹಾಗೆ.”

“ಕಳೆದುಹಾಕಿದ್ದು ನಿಜ ತಾನೆ ಸರ್.”

“ನೀನು ಕಳೆದುಹಾಕಿದ್ದು. ನಿನ್ನ ಲಾಗಿನ್ ಇದೆ ಅದರಲ್ಲಿ.” ಅವರು ದನಿ ಏರಿಸಲಿಲ್ಲ. “ನೋಡು, ವಕೀಲರು ಇರೋರು ಇವತ್ತೇ ಬಂದು ಕೂಗಾಡ್ತಾರೆ. ಜಡ್ಜು ಫೋನ್ ಮಾಡಿಸ್ತಾರೆ, ಆ ಒಂದು ಆದೇಶ ಮತ್ತೆ ಬರುತ್ತೆ, ನಾವು ಬಿಡ್ತೀವಿ. ಒಂದೊಂದಾಗಿ ಎಲ್ಲಾ ತಾನಾಗೇ ಸರಿಹೋಗುತ್ತೆ. ಯಾರ ಕೆಲಸಾನೂ ಹೋಗಲ್ಲ.”

“ವಕೀಲರು ಇಲ್ಲದೋರು?”

“ಅವರಿಗೂ ಮನೆಯವರು ಅಂತ ಇರ್ತಾರಲ್ಲ.”

ಹೊರಗಿನ ಗೇಟಿನ ಎದುರು ಒಂದು ಸಿಮೆಂಟ್ ಬೆಂಚು ಇತ್ತು. ಒಳಗಿರುವವರ ಮನೆಯವರು ಅಲ್ಲಿ ಕೂರುತ್ತಿದ್ದರು. ಎರಡು ತಿಂಗಳಿಂದ ಅಲ್ಲಿ ದಿನವೂ ಇರುತ್ತಿದ್ದವಳು ಒಬ್ಬ ಹೊಲಿಗೆಯವಳು. ಕೂತಲ್ಲೇ ಗುಂಡಿ ಹಾಕುವ, ಅಂಚು ಮಡಿಚುವ ಕೆಲಸ ಮುಗಿಸಿಕೊಳ್ಳುತ್ತಿದ್ದಳು. ಒಮ್ಮೆ ಆಪರೇಟರ ಚೀಲದ ಹಿಡಿಕೆ ಕಿತ್ತುಬಂದಾಗ ಕರೆದು ನಿಲ್ಲಿಸಿ ಹೊಲಿದುಕೊಟ್ಟಿದ್ದಳು. ಅಂದಿನಿಂದ ಹೋಗುವಾಗ ಬರುವಾಗ ಎರಡು ಮಾತು ಇತ್ತು. ಅವಳ ಗಂಡ ಗಾರೆ ಕೆಲಸದವನು. ಕಟ್ಟುತ್ತಿದ್ದ ಕಟ್ಟಡದಲ್ಲಿ ಮೇಸ್ತ್ರಿಯೊಂದಿಗೆ ಜಗಳವಾಡಿ ಕರಣೆ ಎಸೆದಿದ್ದ. ಮೇಸ್ತ್ರಿಯ ಹಣೆಗೆ ಏಳು ಹೊಲಿಗೆ ಬಿದ್ದಿತ್ತು. “ನಾನಾಗಿದ್ರೆ ಐದರಲ್ಲಿ ಮುಗಿಸ್ತಿದ್ದೆ” ಎಂದು ಹೊಲಿಗೆಯವಳು ಹೇಳಿದ್ದಳು. ಗಂಡನಿಗೆ ಸಿಮೆಂಟಿನ ಧೂಳಿನಿಂದ ಮೊದಲೇ ಎದೆ ಕೆಟ್ಟಿತ್ತು. ಒಳಗಿನ ತಣ್ಣನೆಯ ನೆಲದಲ್ಲಿ ಮಲಗಿ ಕೆಮ್ಮು ಜಾಸ್ತಿಯಾಗಿತ್ತು.

ಆ ಗುರುವಾರ ಅವಳು ಎದ್ದು ನಿಂತೇ ಮಾತಾಡಿಸಿದಳು.

“ಮಂಗಳವಾರ ಸಂಜೆ ಜಾಮೀನು ಆಯ್ತು ಕಣಮ್ಮಾ. ಐದು ಗಂಟೆಗೆ ಜಡ್ಜು ಸಹಿ ಹಾಕಿದ್ರಂತೆ. ಕಾಗದ ಕೊಡಿ ಅಂದ್ರೆ ಈಗ ಕಾಗದ ಇಲ್ಲ, ಕಂಪ್ಯೂಟರಲ್ಲೇ ಹೋಗುತ್ತೆ ಅಂದ್ರು. ನಿಮ್ಮ ಹತ್ರಾನೇ ತಾನೆ ಬರೋದು?”

ಮಂಗಳವಾರ ಸಂಜೆ ಐದು. ಆಪರೇಟರಿಗೆ ಲೆಕ್ಕ ಹಾಕುವ ಅಗತ್ಯ ಬೀಳಲಿಲ್ಲ.

“ಇನ್ನೂ ಬಂದಿಲ್ಲ,” ಎಂದಳು.

“ಕೋರ್ಟಲ್ಲಿ ಕೇಳಿದ್ರೆ ತಲುಪಿದೆ ಅಂದ್ರಲ್ಲ.”

“ಪ್ರಿಂಟ್ ಆಗಿಲ್ಲ. ನೋಡ್ತೀನಿ.”

ಸುಳ್ಳೇನೂ ಹೇಳಿರಲಿಲ್ಲ. ಅದೇ ಮಾತನ್ನು ಶುಕ್ರವಾರ ಹೇಳಿದಳು, ಶನಿವಾರ ಹೇಳಿದಳು. ಹೊಲಿಗೆಯವಳ ವಕೀಲ ಸರ್ಕಾರ ಕೊಟ್ಟ ವಕೀಲ. ತಾರೀಖಿನ ದಿನ ಬಿಟ್ಟರೆ ಫೋನ್ ಎತ್ತುತ್ತಿರಲಿಲ್ಲ. ಉಳಿದ ವಕೀಲರು ಬಂದರು, ಸಾಹೇಬರು ಹೇಳಿದಂತೆಯೇ ಕೂಗಾಡಿದರು. ಅವರವರ ಆದೇಶ ಮತ್ತೆ ಬಂತು, ಅವರವರ ಜನ ಹೊರಗೆ ಹೋದರು. ಶನಿವಾರದ ಹೊತ್ತಿಗೆ ಇಪ್ಪತ್ತೈದು ಜನ. ಸಾಹೇಬರು ಎದುರಾದಾಗ ಹುಬ್ಬು ಹಾರಿಸಿದರು, ಹೇಳಿರಲಿಲ್ಲವೇ ಎಂಬಂತೆ.

ಆಪರೇಟರ್ ಅಕ್ಕನ ಮನೆಯಲ್ಲಿದ್ದಳು. ಎರಡು ಕೋಣೆ, ನಾಲ್ಕು ಜನ. ಅಕ್ಕನ ಮಗಳ ಶಾಲೆಯ ಪುಸ್ತಕಗಳ ಪಕ್ಕದಲ್ಲಿ ಅವಳ ಹಾಸಿಗೆ. ಎರಡು ವರ್ಷದಿಂದ ಅವಳು ಬಂದಾಗಲೆಲ್ಲ ಭಾವ ಒಂದೇ ಜೋಕ್ ಹೇಳುತ್ತಿದ್ದ. “ಏನು, ಇವತ್ತೂ ಬಿಟ್ಟುಬಿಟ್ರಾ ನಿನ್ನನ್ನ?” ಅವಳು ದಿನವೂ “ಒಳ್ಳೆ ನಡತೆ” ಎಂದು ಉತ್ತರಿಸುತ್ತಿದ್ದಳು. ಭಾನುವಾರ ತರಕಾರಿ ತಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಅವನು ಅದನ್ನೇ ಕೇಳಿದ. ಅವಳು ಚೀಲವನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಅಕ್ಕ ಅಡುಗೆಮನೆಗೆ ಕರೆದು ಕೇಳಿದಳು. ಎಲ್ಲ ಹೇಳಿದ ಮೇಲೆ ಅಕ್ಕ ಒಲೆಯ ಕಡೆ ತಿರುಗಿದಳು.

“ನೀನು ಬೇಕಂತ ಮಾಡಿಲ್ಲ.”

“ಇಲ್ಲ.”

“ಎಲ್ಲಾ ಆಪರೇಟರೂ ಮಾಡೋದೇ.”

“ಹೌದು.”

“ಹಾಗಾದ್ರೆ ಸುಮ್ನಿರು. ಕೆಲಸ ಕನ್ಫರ್ಮ್ ಆಗ್ಲಿ. ಇವರ ಅಂಗಡಿ ಮುಚ್ಚಿ ಮೂರು ತಿಂಗಳಾಯ್ತು, ನಿಂಗೆ ಗೊತ್ತಿಲ್ವಾ?” ಒಲೆಯ ಉರಿ ತಗ್ಗಿಸಿ, “ಆ ಹೆಂಗಸಿಗೆ ಮಕ್ಕಳಿದಾರಾ?” ಎಂದು ಕೇಳಿದಳು.

“ಇಲ್ಲ.”

“ಸದ್ಯ,” ಎಂದಳು ಅಕ್ಕ.

ಸೋಮವಾರ ಗೇಟಿನ ಕಾವಲುಗಾರ ಅವಳನ್ನು ತಡೆದ. ಅವನನ್ನು ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ಆರು ವರ್ಷವಾಗಿದ್ದರೂ ಹೆಸರು ಹೋಗಿರಲಿಲ್ಲ.

“ನಿನ್ನ ಸ್ನೇಹಿತೆ ಗಂಡನ್ನ ಜೈಲಿನ ಆಸ್ಪತ್ರೆ ವಾರ್ಡಿಗೆ ಹಾಕಿದಾರೆ. ಜ್ವರ. ಕಫದಲ್ಲಿ ರಕ್ತ. ದೊಡ್ಡಾಸ್ಪತ್ರೆಗೆ ಕಳಿಸ್ಬೇಕು ಅಂದ್ರು ಡಾಕ್ಟರು. ಬೆಂಗಾವಲು ಪೊಲೀಸ್ ಸಿಗೋದು ಶುಕ್ರವಾರ.”

“ಬಿಡುಗಡೆ ಆದ್ರೆ ಬೆಂಗಾವಲು ಬೇಡ ಅಲ್ವಾ?”

“ಬಿಡುಗಡೆ ಆದ್ರೆ ಆಟೋ ಸಾಕು.”

ಅವಳು ಮತ್ತೆ ಸಾಹೇಬರ ಹತ್ತಿರ ಹೋದಳು. ಮುನ್ನೂರಕ್ಕೆ ಬೇಡ, ಇದೊಂದಕ್ಕೆ ಪತ್ರ ಕೊಡಿ ಎಂದಳು. ಒಂದಕ್ಕೆ ಕೊಟ್ಟರೆ ಉಳಿದವು ಎಲ್ಲಿ ಎಂದು ಕೇಳುತ್ತಾರೆ ಎಂದರು ಸಾಹೇಬರು. ಮಂಗಳವಾರ, ಬುಧವಾರ ಅವರು ರಜೆಯಲ್ಲಿದ್ದರು. ಆ ಎರಡು ದಿನ ಆಪರೇಟರ್ ಹಿಂದಿನ ಗೇಟಿನಿಂದ ಓಡಾಡಿದಳು, ಬೆಂಚು ಕಾಣದಿರಲಿ ಎಂದು. ತನ್ನ ಹೆಸರಿನಲ್ಲೇ ಕೋರ್ಟಿಗೆ ಪತ್ರವನ್ನು ಮೂರು ಸಲ ಬರೆದು ಮೂರು ಸಲ ಹರಿದಳು.

ಗುರುವಾರ ಬೆಳಿಗ್ಗೆ ಮುಂದಿನ ಗೇಟಿನಿಂದಲೇ ಬಂದಳು. ಹೊಲಿಗೆಯವಳ ಕೈಯಲ್ಲಿ ಹೊಲಿಗೆ ಇರಲಿಲ್ಲ. ಅವಳ ಪಕ್ಕದಲ್ಲಿ ಕೂತು ಹೇಳಿದಳು.

“ನಿಮ್ಮ ಗಂಡನ ಆದೇಶ ಬಂದಿತ್ತು. ನಾನು ಅಳಿಸಿದೆ.”

“ಯಾಕೆ?”

“ಸಾಹೇಬರ ಪರದೆ ಕೆಂಪಾಗಿತ್ತು.”

ಹೊಲಿಗೆಯವಳು ಅವಳನ್ನು ನೋಡಿದಳು. ಬಯ್ಯುತ್ತಾಳೆ ಎಂದು ಆಪರೇಟರ್ ಕಾದಳು.

“ಒಂದು ವಾರದಿಂದ ಗೊತ್ತಿತ್ತಾ ನಿಂಗೆ?” ಎಂದು ಮಾತ್ರ ಕೇಳಿದಳು. ಅಲ್ಲಿಯವರೆಗೆ ಬಹುವಚನ ಇತ್ತು.

“ಗೊತ್ತಿತ್ತು.”

“ಈಗ ಏನು ಮಾಡ್ಬೇಕು ಹೇಳು.”

“ಕೇಸ್ ನಂಬರ್ ಕೊಡಿ.”

ಹೊಲಿಗೆಯವಳು ಅದನ್ನು ಬಟ್ಟೆಯ ತುಂಡಿನ ಮೇಲೆ ಸೀಮೆಸುಣ್ಣದಿಂದ, ಅಳತೆ ಬರೆಯುವ ಹಾಗೆ ಬರೆದಿಟ್ಟುಕೊಂಡಿದ್ದಳು. ಆಪರೇಟರ್ ಕೋಣೆಗೆ ಹೋಗಿ ಪತ್ರ ಬರೆದಳು. ಇಂಥ ದಿನ ಇಂಥ ಹೊತ್ತಿಗೆ ನಾನು ಪರ್ಜ್ ಮಾಡಿದೆ, ಮುನ್ನೂರ ಹದಿನೆಂಟು ಆದೇಶಗಳು ಹೋದವು, ದಯವಿಟ್ಟು ಮತ್ತೆ ಕಳಿಸಿ. ಕೆಳಗೆ ತನ್ನ ಸಹಿ, ಅದರ ಕೆಳಗೆ ‘ಆಪರೇಟರ್, ಗುತ್ತಿಗೆ’. ಬಸ್ಸು ಹಿಡಿದು ಕೋರ್ಟಿಗೆ ಹೋದಳು. ಗುಮಾಸ್ತ ಊಟಕ್ಕೆ ಹೋಗಿದ್ದ. ಎರಡೂವರೆಗೆ ಬಂದು ಪತ್ರ ಓದಿ ಹಿಂದೆ ಮುಂದೆ ತಿರುಗಿಸಿದ.

“ಮುದ್ರೆ ಎಲ್ಲಿ?”

“ಇಲ್ಲ. ಕೊಡಲ್ಲ ಅಂದ್ರು.”

“ಮುದ್ರೆ ಇಲ್ಲದ ಪತ್ರಕ್ಕೆ ಮುನ್ನೂರು ಆದೇಶ ತೆಗೆಸಿದ್ರೆ ನಾಳೆ ನಾನು ನಿಮ್ಮಲ್ಲಿ ಒಳಗಡೆ ಇರ್ತೀನಿ.”

“ಒಂದು ತೆಗೆಸಿ.” ಬಟ್ಟೆಯ ತುಂಡನ್ನು ಮೇಜಿನ ಮೇಲಿಟ್ಟಳು. “ಆಸ್ಪತ್ರೆ ವಾರ್ಡಲ್ಲಿದಾನೆ.”

ಗುಮಾಸ್ತ ತುಂಡನ್ನು ನೋಡಿದ, ಅವಳನ್ನು ನೋಡಿದ. ಎದ್ದು ಕೋರ್ಟ್ ಹಾಲಿಗೆ ಹೋಗಿ ಇಪ್ಪತ್ತು ನಿಮಿಷಕ್ಕೆ ಬಂದ. ಕೂತು ಟೈಪ್ ಮಾಡಿದ. “ಹೋಯ್ತು,” ಎಂದ. “ಮೂರೂ ಹತ್ತು. ಈ ಸಲ ಕಸ ಹೊಡೀಬೇಡಿ.”

ಅವಳು ಕೋಣೆಗೆ ಬಂದು ತಲುಪಿದಾಗ ನಾಲ್ಕಾಗಿತ್ತು. ಮೊದಲನೆಯ ಆಜ್ಞೆ ಒತ್ತಿದಳು. ಒಂದು. ಪ್ರಿಂಟರಿನಲ್ಲಿ ಕಾಗದ ಮುಗಿದು ಪ್ರೋಗ್ರಾಂ ಕಾಯುತ್ತಿತ್ತು. ಕಾಗದ ಹಾಕಿದಳು. ಸೊನ್ನೆ. ಹಾಳೆ ಬೆಚ್ಚಗೆ ಹೊರಗೆ ಬಂತು. ಗಾರೆಯವನ ಪೂರ್ತಿ ಹೆಸರು, ಅವನ ತಂದೆಯ ಹೆಸರು, ಕೈದಿ ಸಂಖ್ಯೆ, ‘ತಕ್ಷಣ ಬಿಡುಗಡೆ ಮಾಡತಕ್ಕದ್ದು’. ಓದಬಾರದ ಕಾಗದವನ್ನು ಪೂರ್ತಿ ಓದಿ, ಹಿಡಿದುಕೊಂಡು ಒಳಗೇಟಿಗೆ ಓಡಿದಳು.

ಅವತ್ತು ಅಲ್ಲಿ ಪಾಳಿಯಲ್ಲಿದ್ದ ಮೀಸೆ ಹಾಳೆ ತೆಗೆದುಕೊಂಡು ಹೆಸರು ನೋಡಿದ. ಟೋಪಿ ತೆಗೆದು ಮೇಜಿನ ಮೇಲಿಟ್ಟ.

“ಒಂದೂವರೆಗೆ ಹೋದ.”

ಅವಳು ಎಲ್ಲಿಗೆ ಎಂದು ಕೇಳಲಿಲ್ಲ.

“ಅವಳಿಗೆ ಹೇಳಿದೀರಾ?”

“ಡಾಕ್ಟರು ಹೇಳಿದ್ರು. ಬೆಂಚಿನ ಮೇಲೇ ಇದಾಳೆ.” ಹಾಳೆಯನ್ನು ಮತ್ತೊಮ್ಮೆ ನೋಡಿದ. “ಇದು ಬಂದಿದ್ದು ಒಳ್ಳೇದೇ ಆಯ್ತು ಬಿಡು. ಇಲ್ಲದಿದ್ರೆ ಕೈದಿ ಸತ್ತ ಲೆಕ್ಕ, ದೇಹ ಕೊಡೋಕೆ ಮ್ಯಾಜಿಸ್ಟ್ರೇಟ್ ಬರ್ಬೇಕು, ಎರಡು ದಿನ ಹಿಡೀತಿತ್ತು. ಈಗ ಇವತ್ತೇ ಕೊಡಬಹುದು.”

ಬಿಡುಗಡೆಯ ಹಾಳೆಯಲ್ಲಿ ‘ಬಿಡುಗಡೆಯಾದವರ ಸಹಿ’ ಎಂಬ ಜಾಗವಿತ್ತು. ಅಲ್ಲಿ ಹೊಲಿಗೆಯವಳ ಕೈಯಿಂದ ಸಹಿ ಮಾಡಿಸಿದರು. ಅವಳು ಎಲ್ಲಿ ಹಾಕಬೇಕು ಎಂದು ಕೇಳಿ, ತೋರಿಸಿದ ಜಾಗದಲ್ಲಿ ನಿಧಾನವಾಗಿ ಬರೆದಳು. ಆಪರೇಟರ್ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಹೊಲಿಗೆಯವಳು ಅವಳತ್ತ ತಿರುಗಲಿಲ್ಲ. ಪೆನ್ನನ್ನು ಮೀಸೆಗೆ ವಾಪಸು ಕೊಟ್ಟಳು.

ಮುದ್ರೆ ಇಲ್ಲದ ಪತ್ರವನ್ನು ಗುಮಾಸ್ತ ಹರಿದಿರಲಿಲ್ಲ, ಮೇಲಕ್ಕೆ ಕಳಿಸಿದ್ದ. ಮರುವಾರ ವಿಚಾರಣೆ ಆಯಿತು. ಸಾಹೇಬರು ಸುತ್ತೋಲೆ ಓದಿ ಅವಳಿಗೆ ಮೌಖಿಕವಾಗಿ ತಿಳಿಸಿದ್ದೆ ಎಂದರು. ಆಪರೇಟರ ಕಾಂಟ್ರಾಕ್ಟ್ ತಿಂಗಳ ಕೊನೆಯವರೆಗೂ ಉಳಿಯಲಿಲ್ಲ. ಹೋಗುವ ದಿನ ಬೀರುವಿನ ಹಾಳೆಯ ಕೊನೆಯ ಸಾಲಿನಲ್ಲಿ ‘ಭಯ ಬೇಡ, ಸಂಜೆ ಮತ್ತೆ ಬರ್ತಾವೆ’ ಎಂದಿದ್ದನ್ನು ಹೊಡೆದುಹಾಕಿ ‘ಮತ್ತೆ ಬರುವುದಿಲ್ಲ’ ಎಂದು ಬರೆದಳು. ಪರ್ಜ್ ಅನುಮತಿಯನ್ನು ಕೇಂದ್ರ ಕಚೇರಿಯವರು ಹಾಗೆಯೇ ಇಟ್ಟರು. ಅವಳ ಟಿಕೆಟ್ಟನ್ನು ಸಮಸ್ಯೆ ಪರಿಹಾರವಾಗಿದೆ ಎಂದು ಮುಚ್ಚಿದರು.

ಕೋರ್ಟಿನ ಪಟ್ಟಿಯಿಂದ ವಿಚಾರಣೆಯವರು ಲೆಕ್ಕ ತೆಗೆದರು. ಅಳಿಸಿದ್ದು ಮುನ್ನೂರ ಹದಿನೆಂಟು. ಅದರಲ್ಲಿ ತಾರೀಖು ಬದಲಾವಣೆ ಇನ್ನೂರ ಮೂವತ್ತೊಂದು, ಕೋರ್ಟಿಗೆ ಕರೆತರುವ ಆದೇಶ ನಲವತ್ತನಾಲ್ಕು, ಬಿಡುಗಡೆ ನಲವತ್ತಮೂರು. ಬಿಡುಗಡೆಯವರಲ್ಲಿ ಇಪ್ಪತ್ತೈದು ಜನ ಮೂರು ದಿನದೊಳಗೆ ಹೊರಗೆ ಹೋದರು. ಹದಿನೇಳು ಜನ ಒಟ್ಟು ನೂರ ಎಂಬತ್ತೇಳು ದಿನ ಹೆಚ್ಚಿಗೆ ಒಳಗಿದ್ದರು. ಉಳಿದವನು ಒಬ್ಬ.